ಎನ್‌ವಿವೋದಲ್ಲಿ ಕೇಸ್ ವರ್ಗೀಕರಣ: ರೈತರೇ, ಮನೆಯೇ, ಊರೇ, ಯಾವುದನ್ನು ಕೇಸ್ ಎನ್ನಬೇಕು?

ಪ್ರಶ್ನೆ – ಕೆರೆಕೋಡಿ

ಗುಣಾತ್ಮಕ ಸಂಶೋಧನೆಗೆ ಎನ್‌ವಿವೋ (ಸಂದರ್ಶನಗಳ ಪಠ್ಯವನ್ನು ವಿಂಗಡಿಸಿ ವಿಶ್ಲೇಷಿಸುವ ತಂತ್ರಾಂಶ) ಬಳಸಿದವರಿಂದ ಸಲಹೆ ಬೇಕಾಗಿದೆ. ಪ್ರಶ್ನೆ ತುಸು ಉದ್ದವಾಗಿದೆ, ಆದರೆ ಹಿನ್ನೆಲೆ ಹೇಳದೆ ಕೇಳಿದರೆ ಉತ್ತರ ಕೊಡುವವರಿಗೇ ತೊಂದರೆಯಾಗುತ್ತದೆ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಪಿಎಚ್‌.ಡಿ. ವಿಷಯ ಕೆ.ಸಿ. ವ್ಯಾಲಿ ಯೋಜನೆಗೆ ಸಂಬಂಧಿಸಿದ್ದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಈ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ನಿಮಗೆಲ್ಲ ತಿಳಿದಿರಬಹುದು. ಅನಂತರ ಆ ಭಾಗದ ಬೇಸಾಯ, ಬೋರ್‌ವೆಲ್, ಕುಡಿಯುವ ನೀರಿನ ಬಗೆಗಿನ ಜನರ ಮಾತು ಹೇಗೆ ಬದಲಾಗಿದೆ ಎಂಬುದನ್ನು ತಿಳಿಯಲು ಐದು ಊರುಗಳಲ್ಲಿ ಓಡಾಡಿದ್ದೇನೆ. ಇವುಗಳಲ್ಲಿ ಮೂರು ಊರುಗಳ ಕೆರೆಗೆ ಈ ನೀರು ಬರುತ್ತದೆ, ಎರಡಕ್ಕೆ ಬರುವುದಿಲ್ಲ. 26 ಮನೆಗಳಲ್ಲಿ ಸಂದರ್ಶನ ಮಾಡಿದ್ದೇನೆ. ಎಂಟು ಮನೆಗಳಲ್ಲಿ ಗಂಡ–ಹೆಂಡತಿ ಇಬ್ಬರೂ ಕುಳಿತು ಮಾತನಾಡಿದ್ದರಿಂದ ಮಾತನಾಡಿದವರ ಸಂಖ್ಯೆ 34. ಜೊತೆಗೆ ನಾಲ್ಕು ಗುಂಪು ಚರ್ಚೆಗಳಿವೆ. ಅವುಗಳಲ್ಲಿ ಒಟ್ಟು 27 ಮಂದಿ ಇದ್ದರು, ಅವರಲ್ಲಿ ಒಂಬತ್ತು ಮಂದಿಯನ್ನು ಮನೆಯಲ್ಲಿಯೂ ಸಂದರ್ಶಿಸಿದ್ದೇನೆ. ಎಲ್ಲವನ್ನೂ ಕನ್ನಡದಲ್ಲಿಯೇ ಬರೆದಿಳಿಸಿದ್ದೇನೆ. ಕೆಲವು ಕಡೆ ತೆಲುಗು ಮಾತುಗಳಿವೆ, ಅವನ್ನು ಕನ್ನಡ ಲಿಪಿಯಲ್ಲಿ ಇದ್ದಂತೆಯೇ ಇಟ್ಟಿದ್ದೇನೆ.

ಮೊದಲು ನಾನು ‘ಗಂಡಸು’, ‘ಹೆಂಗಸು’, ‘ಸಣ್ಣ ರೈತ’, ‘ಬೋರ್‌ವೆಲ್ ಇಲ್ಲದವರು’ ಎಂದು ಕೋಡ್‌ಗಳನ್ನು (ಮಾತಿನ ತುಣುಕುಗಳಿಗೆ ಅಂಟಿಸುವ ವಿಷಯದ ಹೆಸರುಗಳನ್ನು) ಮಾಡಿ ಇಡೀ ಸಂದರ್ಶನಗಳನ್ನೇ ಅವುಗಳಿಗೆ ಸೇರಿಸಿದ್ದೆ. ನೋಡಿದ ನಮ್ಮ ಮಾರ್ಗದರ್ಶಕರು, ಇವು ಜನ ಆಡಿದ ಮಾತಿನ ವಿಷಯಗಳಲ್ಲ, ಆಡಿದವರ ಲಕ್ಷಣಗಳು, ಇವು ಕೇಸ್ ಕ್ಲಾಸಿಫಿಕೇಶನ್ (ಕೇಸ್ ಎಂದರೆ ಅಧ್ಯಯನದ ಒಂದು ಘಟಕ, ಅದರ ಲಕ್ಷಣಗಳನ್ನು ದಾಖಲಿಸುವ ವರ್ಗ ಇದು) ಅಡಿಯಲ್ಲಿ ಬರಬೇಕು ಎಂದರು. ಅದರಂತೆ 30 ಕಡತಗಳನ್ನೂ ಆಯ್ದು ಒಂದೇ ಬಾರಿಗೆ ಕೇಸ್‌ಗಳಾಗಿ ಮಾಡಿದೆ. ಆಮೇಲೆ 34 ಮಂದಿಯ ವಯಸ್ಸು, ಓದು, ಜಮೀನು ಎಲ್ಲವನ್ನೂ ಎಕ್ಸೆಲ್‌ನಲ್ಲಿ ತುಂಬಿ ಆಮದು ಮಾಡಿಕೊಂಡೆ. ಈಗ ಕೇಸ್‌ಗಳ ಪಟ್ಟಿಯಲ್ಲಿ 64 ಸಾಲುಗಳಿವೆ. ಕ್ರಾಸ್‌ಟ್ಯಾಬ್ (ಕೋಡ್‌ಗಳನ್ನು ಲಕ್ಷಣಗಳೊಂದಿಗೆ ಇಟ್ಟು ನೋಡುವ ಕೋಷ್ಟಕ) ಓಡಿಸಿದರೆ ಪ್ರತಿ ಚೌಕದಲ್ಲಿಯೂ ಸೊನ್ನೆ.

ತಾಂತ್ರಿಕ ತಪ್ಪು ಎಲ್ಲಿದೆ ಎಂಬುದರ ಜೊತೆಗೆ ಇನ್ನೊಂದು ಗೊಂದಲವೂ ಇದೆ. ದಂಪತಿಗಳ ಸಂದರ್ಶನವನ್ನು ಒಂದು ಕೇಸ್ ಮಾಡಿದರೆ ‘ವಯಸ್ಸು’ ಎಂಬಲ್ಲಿ ಯಾರ ವಯಸ್ಸನ್ನು ಬರೆಯಬೇಕು? ಗುಂಪು ಚರ್ಚೆಗೆ ಲಿಂಗ ‘ಮಿಶ್ರ’ ಎಂದು ಬರೆದಿದ್ದೇನೆ, ಅದು ಸರಿಯೇ? ಜಮೀನು ಯಾರದು? ದಯವಿಟ್ಟು ತಿಳಿಸಿ.

ಉತ್ತರ – ಹಳೇ ಟೇಪ್‌ರೆಕಾರ್ಡರ್

ಮೊದಲು ಸೊನ್ನೆಗಳ ವಿಚಾರವನ್ನು ಮುಗಿಸೋಣ, ಅದು ಸುಲಭದ್ದು. ಕಡತಗಳಿಂದ ಮಾಡಿದ 30 ಕೇಸ್‌ಗಳಿಗೆ ಕಡತಗಳ ಹೆಸರೇ ಬಂದಿದೆ. ನಿಮ್ಮ ಎಕ್ಸೆಲ್ ಹಾಳೆಯ ಮೊದಲ ಕಾಲಂನಲ್ಲಿ ವ್ಯಕ್ತಿಗಳ ಹೆಸರುಗಳಿವೆ. ಆಮದು ಮಾಡುವಾಗ ತಂತ್ರಾಂಶವು ಆ ಮೊದಲ ಕಾಲಂನ ಹೆಸರನ್ನು ಯೋಜನೆಯಲ್ಲಿರುವ ಕೇಸ್‌ನ ಹೆಸರಿನೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ, ಹೊಸ ಕೇಸ್ ಮಾಡು ಎಂಬ ಆಯ್ಕೆಗೆ ಗುರುತು ಬಿದ್ದಿದ್ದಾಗ ಹೊಸದನ್ನೇ ಮಾಡುತ್ತದೆ. 30ಕ್ಕೆ 34 ಸೇರಿ 64 ಆದದ್ದು ಹೀಗೆ. ಈಗ ಮಾತೆಲ್ಲ ಮೊದಲ ಮೂವತ್ತರಲ್ಲಿದೆ, ಲಕ್ಷಣಗಳೆಲ್ಲ ನಂತರದ ಮೂವತ್ತನಾಲ್ಕರಲ್ಲಿವೆ. ಕೇಸ್ ಎಂಬುದು ಎನ್‌ವಿವೋದಲ್ಲಿ ಒಂದು ಪಾತ್ರೆ; ಅದಕ್ಕೆ ಪಠ್ಯವನ್ನು ಕೋಡ್ ಮಾಡಿ ಸೇರಿಸದಿದ್ದರೆ ಎಷ್ಟು ಚೀಟಿ ಅಂಟಿಸಿದರೂ ಒಳಗೆ ಖಾಲಿಯೇ. ಖಾಲಿ ಪಾತ್ರೆಯನ್ನು ಕ್ರಾಸ್‌ಟ್ಯಾಬ್ ಎಣಿಸಿದರೆ ಸೊನ್ನೆಯಲ್ಲದೆ ಇನ್ನೇನು ಬರಲು ಸಾಧ್ಯ?

ಎರಡನೆಯದು ನಿಜವಾದ ಪ್ರಶ್ನೆ. ‘ಜಮೀನು ಯಾರದು’ ಎಂದು ನೀವು ಕೊನೆಯಲ್ಲಿ ಕೇಳಿದ್ದೀರಲ್ಲ, ಅಲ್ಲಿಂದಲೇ ಆರಂಭಿಸಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಲಕ್ಷಣಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಮುಂದೆ ‘ಇದು ಯಾರ ಲಕ್ಷಣ’ ಎಂದು ಬರೆಯಿರಿ. ವಯಸ್ಸು, ಓದು, ಲಿಂಗ ವ್ಯಕ್ತಿಯವು. ಜಮೀನು, ಕೊರೆಸಿದ ಬೋರ್‌ವೆಲ್‌ಗಳ ಸಂಖ್ಯೆ, ಹಸುಗಳ ಸಂಖ್ಯೆ ಮನೆಯವು. ಕೆರೆಗೆ ನೀರು ಬಂದಿದೆಯೇ ಎಂಬುದು ಊರಿನದು. ಸಂದರ್ಶನ ನಡೆದ ದಿನ, ಸ್ಥಳ, ರೆಕಾರ್ಡಿಂಗ್‌ನ ಅವಧಿ ಇವು ಮೂವರದ್ದೂ ಅಲ್ಲ, ಕಡತದವು. ಕಡತದ ಲಕ್ಷಣಗಳಿಗೆಂದೇ ಫೈಲ್ ಕ್ಲಾಸಿಫಿಕೇಶನ್ ಎಂಬುದು ಬೇರೆಯಾಗಿದೆ. ಎರಡೂ ಒಂದೇ ರೀತಿ ಕಾಣುವುದರಿಂದ ಹೊಸಬರು ವ್ಯಕ್ತಿಯ ವಯಸ್ಸನ್ನು ಅಲ್ಲಿ ತುಂಬಿಬಿಡುತ್ತಾರೆ. ಒಬ್ಬರಿಗೆ ಒಂದೇ ಕಡತ ಇರುವವರೆಗೆ ಅದರಿಂದ ತೊಂದರೆ ಕಾಣಿಸುವುದಿಲ್ಲ, ಗುಂಪು ಚರ್ಚೆ ಬಂದಾಗ ಎಲ್ಲವೂ ಕೆಡುತ್ತದೆ. ಗುಂಪು ಚರ್ಚೆಗೆ ಲಿಂಗವಿಲ್ಲ. ‘ಮಿಶ್ರ’ ಎಂಬುದನ್ನು ಅಳಿಸಿಬಿಡಿ.

ಎನ್‌ವಿವೋದ ಒಂದು ನಿಯಮವನ್ನು ಇಲ್ಲಿ ನೆನಪಿಡಬೇಕು: ಒಂದು ಕೇಸ್‌ಗೆ ಒಂದೇ ಕ್ಲಾಸಿಫಿಕೇಶನ್. ಅಂದರೆ ಅದು ‘ವ್ಯಕ್ತಿ’ ಆಗಿರಬಹುದು ಇಲ್ಲವೇ ‘ಮನೆ’ ಆಗಿರಬಹುದು, ಎರಡೂ ಆಗಲಾರದು. ಆದರೆ ಒಂದೇ ಪಠ್ಯವನ್ನು ಎರಡು ಕೇಸ್‌ಗಳಿಗೆ ಕೋಡ್ ಮಾಡಲು ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ನಿಮ್ಮ ದಂಪತಿಗಳ ಸಂದರ್ಶನದ ಇಡೀ ಕಡತವನ್ನು ಒಂದು ‘ಮನೆ’ ಕೇಸ್‌ಗೆ ಸೇರಿಸಿ. ಅದರೊಳಗೆ ಗಂಡ ಆಡಿದ ಪ್ಯಾರಾಗಳನ್ನು ಅವರ ‘ವ್ಯಕ್ತಿ’ ಕೇಸ್‌ಗೂ ಹೆಂಡತಿ ಆಡಿದವನ್ನು ಅವರ ‘ವ್ಯಕ್ತಿ’ ಕೇಸ್‌ಗೂ ಸೇರಿಸಿ. ಕ್ರಾಸ್‌ಟ್ಯಾಬ್ ಮಾಡುವಾಗ ಯಾವ ಕ್ಲಾಸಿಫಿಕೇಶನ್ ಎಂದು ಆಯ್ದುಕೊಳ್ಳುವುದರಿಂದ ಒಂದೇ ಮಾತು ಎರಡು ಸಲ ಎಣಿಕೆಯಾಗುವ ಭಯವಿಲ್ಲ. ‘ನೀರಿನ ವಾಸನೆಯ ಬಗ್ಗೆ ಹೆಂಗಸರು ಏನೆನ್ನುತ್ತಾರೆ’ ಎಂಬ ಪ್ರಶ್ನೆಗೆ ವ್ಯಕ್ತಿಯ ವರ್ಗವನ್ನೂ, ‘ಬೋರ್‌ವೆಲ್ ಬತ್ತಿದ ಮನೆಗಳಲ್ಲಿ ಸಾಲದ ಮಾತು ಹೇಗೆ ಬರುತ್ತದೆ’ ಎಂಬ ಪ್ರಶ್ನೆಗೆ ಮನೆಯ ವರ್ಗವನ್ನೂ ಬಳಸುತ್ತೀರಿ.

ಊರನ್ನು ಕೇಸ್ ಮಾಡಬೇಕೇ? ಐದೇ ಊರುಗಳಿರುವಾಗ ನಾನಾದರೆ ಮಾಡುವುದಿಲ್ಲ. ‘ಊರು’ ಎಂಬುದನ್ನೂ ‘ಕೆರೆಗೆ ನೀರು’ ಎಂಬುದನ್ನೂ ವ್ಯಕ್ತಿ ಮತ್ತು ಮನೆ ಎರಡೂ ವರ್ಗಗಳಲ್ಲಿ ಒಂದೊಂದು ಆಟ್ರಿಬ್ಯೂಟ್ (ಲಕ್ಷಣ) ಆಗಿ ಇಟ್ಟರೆ ಸಾಕು. ಗ್ರಾಮಸಭೆಯ ನಡಾವಳಿ, ಕೆರೆ ಏರಿಯ ಮೇಲೆ ಕುಳಿತು ಬರೆದ ಕ್ಷೇತ್ರ ಟಿಪ್ಪಣಿ ಹೀಗೆ ಊರಿಗೇ ಸೇರಿದ ಬರಹಗಳು ನಿಮ್ಮಲ್ಲಿ ಬಹಳ ಇದ್ದರೆ ಮಾತ್ರ ಮೂರನೆಯ ವರ್ಗ ಮಾಡುವುದು ಲಾಭಕರ.

ಗುಂಪು ಚರ್ಚೆಗಳನ್ನು ಮಾತನಾಡಿದವರ ಹೆಸರಿನ ಆಧಾರದ ಮೇಲೆ ತಾನಾಗಿಯೇ ಬಿಡಿಸುವ ಸೌಲಭ್ಯವಿದೆ. ಆಟೋ ಕೋಡ್ ಮಾಡುವಲ್ಲಿ ಸ್ಪೀಕರ್ ನೇಮ್ ಎಂಬ ಆಯ್ಕೆ ಇದೆ. ಪ್ರತಿ ಪ್ಯಾರಾದ ಆರಂಭದಲ್ಲಿ ಹೆಸರು, ಅದರ ಮುಂದೆ ಎರಡು ಚುಕ್ಕೆ ಇರಬೇಕು, ಹೆಸರು ಎಲ್ಲ ಕಡೆಯೂ ಒಂದೇ ರೀತಿ ಇರಬೇಕು. ಇಲ್ಲೊಂದು ನಮ್ಮದೇ ಆದ ಪೀಡೆ ಇದೆ. ಕನ್ನಡದಲ್ಲಿ ಟೈಪ್ ಮಾಡುವ ಅನೇಕರು ಎರಡು ಚುಕ್ಕೆಯ ಬದಲು ವಿಸರ್ಗವನ್ನು ಒತ್ತುತ್ತಾರೆ. ಆಮಂತ್ರಣ ಪತ್ರಿಕೆಗಳಲ್ಲಿ ‘ಸ್ಥಳಃ’, ‘ದಿನಾಂಕಃ’ ಎಂದು ಇರುತ್ತದಲ್ಲ, ಅದೇ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಆದರೆ ತಂತ್ರಾಂಶಕ್ಕೆ ವಿಸರ್ಗವು ಹೆಸರಿನ ಕೊನೆಯ ಅಕ್ಷರ. ಒಂದು ಸಲ ಹುಡುಕಿ ಬದಲಾಯಿಸಿಬಿಡಿ. ‘ಅಂತಃಕರಣ’ದಂತಹ ಪದಗಳಲ್ಲಿರುವ ವಿಸರ್ಗವನ್ನು ಮಾತ್ರ ಮುಟ್ಟಬೇಡಿ. ಇನ್ನು, ಪ್ರಶ್ನೆ ಕೇಳುವ ನೀವೂ ‘ಸಂ:’ ಎಂಬ ಹೆಸರಿನಲ್ಲಿ ಪಠ್ಯದಲ್ಲಿ ಇರುತ್ತೀರಿ. ಆ ಹೆಸರನ್ನು ಪಟ್ಟಿಯಿಂದ ಬಿಡಿ, ಇಲ್ಲದಿದ್ದರೆ ಅತಿ ಹೆಚ್ಚು ಮಾತನಾಡಿದ ರೈತರು ನೀವೇ ಆಗುತ್ತೀರಿ.

ಮನೆಯಲ್ಲಿಯೂ ಗುಂಪಿನಲ್ಲಿಯೂ ಮಾತನಾಡಿದ ಒಂಬತ್ತು ಮಂದಿಗೆ ಒಂದೊಂದೇ ಕೇಸ್ ಇರಬೇಕು, ಎರಡೂ ಕಡತಗಳ ಮಾತು ಅದರಲ್ಲಿಯೇ ಸೇರಬೇಕು. ಅಲ್ಲಿಗೆ ನಿಮ್ಮ ವ್ಯಕ್ತಿ ಕೇಸ್‌ಗಳು 52, ಮನೆ ಕೇಸ್‌ಗಳು 26. ಈ ಎರಡು ಸಂಖ್ಯೆಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಪಟ್ಟಿಯಲ್ಲಿ ಬೇರೆ ಸಂಖ್ಯೆ ಕಂಡ ಕ್ಷಣವೇ ಎಲ್ಲೋ ತಪ್ಪಾಗಿದೆ ಎಂದು ತಿಳಿಯುತ್ತದೆ.

ಉತ್ತರ – ಗುಂಟೆ ಲೆಕ್ಕ

ಮೇಲಿನವರು ಕೇಸ್ ಯಾವುದು ಎಂಬುದನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಎಕ್ಸೆಲ್ ಹಾಳೆಯ ಬಗ್ಗೆ, ಮುಖ್ಯವಾಗಿ ಜಮೀನಿನ ಕಾಲಂ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇದೇ ಕಾಲಂನಿಂದ ನಾನು ಒಂದು ಇಡೀ ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು.

ಕ್ಷೇತ್ರಕಾರ್ಯದ ಪುಸ್ತಕದಲ್ಲಿ ನಾವು ‘2 ಎಕರೆ 20 ಗುಂಟೆ’ ಎಂಬುದನ್ನು ಪಹಣಿಯ ರೂಢಿಯಂತೆ 2.20 ಎಂದೋ 2-20 ಎಂದೋ ಬರೆದಿರುತ್ತೇವೆ. ಅದನ್ನೇ ಎಕ್ಸೆಲ್‌ಗೆ ಹಾಕಿ, ಎನ್‌ವಿವೋದಲ್ಲಿ ಆ ಆಟ್ರಿಬ್ಯೂಟ್‌ನ ಬಗೆಯನ್ನು ದಶಾಂಶ ಎಂದು ಕೊಟ್ಟರೆ ಲೆಕ್ಕ ಕೆಟ್ಟಂತೆಯೇ. ನಲವತ್ತು ಗುಂಟೆಗೆ ಒಂದು ಎಕರೆ. ಆದ್ದರಿಂದ 2 ಎಕರೆ 20 ಗುಂಟೆ ಎಂದರೆ ಎರಡೂವರೆ ಎಕರೆ, ಎರಡು ಪಾಯಿಂಟ್ ಎರಡು ಎಕರೆ ಅಲ್ಲ. ಇದು ಅಲ್ಪ ವ್ಯತ್ಯಾಸ ಎಂದುಕೊಳ್ಳಬೇಡಿ. ಕೃಷಿ ಗಣತಿಯ ಪ್ರಕಾರ ಒಂದು ಹೆಕ್ಟೇರ್‌ಗಿಂತ ಕಡಿಮೆ ಹಿಡುವಳಿ ಇದ್ದರೆ ಅತಿ ಸಣ್ಣ ರೈತ, ಒಂದರಿಂದ ಎರಡು ಹೆಕ್ಟೇರ್ ಇದ್ದರೆ ಸಣ್ಣ ರೈತ. ಒಂದು ಹೆಕ್ಟೇರ್ ಎಂದರೆ 2.47 ಎಕರೆ. ಎರಡೂವರೆ ಎಕರೆಯವರು ಗೆರೆಯ ಆಚೆ ಸಣ್ಣ ರೈತರ ಗುಂಪಿಗೆ ಸೇರುತ್ತಾರೆ, 2.2 ಎಂದು ಓದಿಕೊಂಡರೆ ಈಚೆ ಅತಿ ಸಣ್ಣವರ ಗುಂಪಿಗೆ ಬೀಳುತ್ತಾರೆ. ಭಾಗವಾಗಿ ಎರಡೂವರೆ ಎಕರೆ ಬಂದ ಮನೆಗಳು ನಮ್ಮ ಕಡೆ ಎಷ್ಟಿರುತ್ತವೆ ಎಂಬುದನ್ನು ಕೋಲಾರದಲ್ಲಿ ಓಡಾಡಿದ ನಿಮಗೆ ಹೇಳಬೇಕಾಗಿಲ್ಲ. ನನ್ನ ಅಧ್ಯಯನದಲ್ಲಿ ಆರು ಮನೆಗಳು ಹೀಗೆ ತಪ್ಪು ಕಡೆ ನಿಂತಿದ್ದವು, ಅವುಗಳನ್ನು ಸರಿಪಡಿಸಿದಾಗ ‘ಅತಿ ಸಣ್ಣ ರೈತರು ಸಹಕಾರ ಸಂಘದ ಸಾಲದ ಬಗ್ಗೆ ಮಾತನಾಡುವುದೇ ಇಲ್ಲ’ ಎಂಬ ನನ್ನ ದೊಡ್ಡ ವಾದ ಕರಗಿಹೋಯಿತು.

ಎಕ್ಸೆಲ್ ಇನ್ನೂ ಒಂದು ಉಪಕಾರ ಮಾಡುತ್ತದೆ. 2.20ರ ಕೊನೆಯ ಸೊನ್ನೆಯನ್ನು ಬಿಟ್ಟು 2.2 ಎಂದು ತೋರಿಸುತ್ತದೆ, ತಿಂಗಳ ನಂತರ ನೋಡಿದಾಗ ಅದು ಎರಡು ಎಕರೆ ಎರಡು ಗುಂಟೆಯೋ ಇಪ್ಪತ್ತು ಗುಂಟೆಯೋ ನಿಮಗೇ ತಿಳಿಯುವುದಿಲ್ಲ. 3-10 ಎಂದು ಬರೆದರೆ ಅದನ್ನು ದಿನಾಂಕವೆಂದು ತಿಳಿದು ಅಕ್ಟೋಬರ್ ಮೂರು ಮಾಡಿಬಿಡುತ್ತದೆ. ಆದ್ದರಿಂದ ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಇಡಿ. ಮೂರನೆಯ ಕಾಲಂನಲ್ಲಿ ಗುಂಟೆಯನ್ನು ನಲವತ್ತರಿಂದ ಭಾಗಿಸಿ ಎಕರೆಗೆ ಕೂಡಿಸುವ ಸೂತ್ರ ಬರೆಯಿರಿ. ನಾಲ್ಕನೆಯದರಲ್ಲಿ ‘ಅತಿ ಸಣ್ಣ’, ‘ಸಣ್ಣ’, ‘ಅರೆ ಮಧ್ಯಮ’ ಎಂಬ ಗುಂಪನ್ನು ಬರೆಯಿರಿ. ಎನ್‌ವಿವೋಗೆ ಮೂರನೆಯದೂ ನಾಲ್ಕನೆಯದೂ ಹೋಗಲಿ. ಬರೀ ಸಂಖ್ಯೆಯನ್ನು ಕೊಟ್ಟರೆ ಕ್ರಾಸ್‌ಟ್ಯಾಬ್‌ನಲ್ಲಿ ಪ್ರತಿ ಮನೆಗೂ ಒಂದೊಂದು ಕಾಲಂ ಬಂದು ಕುಳಿತು ಏನೂ ಓದಲಾಗುವುದಿಲ್ಲ. ಬರೀ ಗುಂಪನ್ನು ಕೊಟ್ಟರೆ ನಾಳೆ ಗೆರೆಯನ್ನು ಬೇರೆಡೆ ಎಳೆಯಬೇಕೆನಿಸಿದಾಗ ಮೂಲ ಸಂಖ್ಯೆ ಕೈಯಲ್ಲಿರುವುದಿಲ್ಲ. ವಯಸ್ಸಿಗೂ ಇದೇ ಮಾತು.

ಪಹಣಿಯಲ್ಲಿರುವ ಜಮೀನು ಬೇರೆ, ಉಳುತ್ತಿರುವ ಜಮೀನು ಬೇರೆ ಎಂಬುದನ್ನೂ ಮರೆಯಬೇಡಿ. ತಂದೆ ತೀರಿಕೊಂಡು ಪೌತಿ ಖಾತೆಯಾಗದೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡಿರುವ ಮನೆಗಳು ನಿಮಗೂ ಸಿಕ್ಕಿರುತ್ತವೆ. ನಾನು ‘ದಾಖಲೆಯ ಹಿಡುವಳಿ’, ‘ಉಳುಮೆಯ ಹಿಡುವಳಿ’ ಎಂದು ಎರಡು ಆಟ್ರಿಬ್ಯೂಟ್ ಇಟ್ಟಿದ್ದೆ. ಗುತ್ತಿಗೆಗೆ ಹಾಕಿಕೊಂಡದ್ದು ಎರಡನೆಯದರಲ್ಲಿ ಸೇರಿತ್ತು.

ಇನ್ನು ಖಾಲಿ ಬಿಟ್ಟ ಚೌಕಗಳು. ಹೊಸ ಆಟ್ರಿಬ್ಯೂಟ್ ಮಾಡಿದಾಗ ಎನ್‌ವಿವೋ ‘ಅನ್‌ಅಸೈನ್ಡ್’, ‘ನಾಟ್ ಅಪ್ಲಿಕಬಲ್’ ಎಂಬ ಎರಡು ವ್ಯಾಲ್ಯೂಗಳನ್ನು (ಆ ಲಕ್ಷಣಕ್ಕೆ ತುಂಬುವ ಉತ್ತರಗಳನ್ನು) ತಾನೇ ಕೊಡುತ್ತದೆ. ನೀವು ಕೇಳಲು ಮರೆತಿದ್ದರೆ ಮೊದಲನೆಯದು. ಬೋರ್‌ವೆಲ್ ಇಲ್ಲದ ಮನೆಗೆ ಅದರ ಆಳ ಕೇಳುವಂತಿಲ್ಲವಾದ್ದರಿಂದ ಅಲ್ಲಿ ಎರಡನೆಯದು. ಆದರೆ ಕೇಳಿದರೂ ಹೇಳದೆ ಇದ್ದವರಿಗೆ ಇವೆರಡೂ ಸಲ್ಲುವುದಿಲ್ಲ, ‘ಹೇಳಲಿಲ್ಲ’ ಎಂಬ ಮೂರನೆಯ ವ್ಯಾಲ್ಯೂ ಮಾಡಿ. ಎಷ್ಟು ಬೋರ್‌ವೆಲ್ ವಿಫಲವಾಯಿತು ಎಂಬ ಪ್ರಶ್ನೆಗೆ ‘ಬಿಡಿ ಮೇಡಂ, ಅದನ್ನೆಲ್ಲ ಯಾಕೆ ಬರ್ಕೋತೀರಿ’ ಎಂದ ಮನೆಯವರ ಮೌನಕ್ಕೂ ನೀವು ಮರೆತದ್ದಕ್ಕೂ ಬಹಳ ಅಂತರವಿದೆ.

ಮರುಪ್ರಶ್ನೆ – ಕೆರೆಕೋಡಿ

ಇಬ್ಬರಿಗೂ ಅನಂತ ವಂದನೆಗಳು. ನನ್ನ ಕ್ಷೇತ್ರ ಪುಸ್ತಕ ತೆಗೆದು ನೋಡಿದೆ. ಹದಿನೇಳು ಮನೆಗಳ ಜಮೀನನ್ನು ಚುಕ್ಕೆ ಇಟ್ಟೇ ಬರೆದಿದ್ದೇನೆ. ಅವುಗಳಲ್ಲಿ ಒಂದು ಮನೆಯ ‘1.3’ ಎಂಬುದು ಮೂರು ಗುಂಟೆಯೋ ಮೂವತ್ತೋ ತಿಳಿಯದೆ ಮತ್ತೆ ಫೋನ್ ಮಾಡಿ ಕೇಳಿದೆ. ಮೂವತ್ತು.

ಹಳೆಯ ಯೋಜನೆಯ ಪ್ರತಿಯನ್ನು ಬೇರೆಡೆ ಉಳಿಸಿಕೊಂಡು, 64 ಕೇಸ್‌ಗಳನ್ನೂ ಅಳಿಸಿ ಹೊಸದಾಗಿ ಆರಂಭಿಸಿದೆ. ಮನೆ ಕೇಸ್‌ಗಳು ಸರಿಯಾಗಿ 26 ಬಂದಿವೆ. ವ್ಯಕ್ತಿ ಕೇಸ್‌ಗಳು ಮಾತ್ರ 55 ಬಂದಿವೆ. ಜೊತೆಗೆ ‘ಓದು’ ಎಂಬ ಆಟ್ರಿಬ್ಯೂಟ್‌ನಲ್ಲಿ ‘ಎಸ್‌ಎಸ್‌ಎಲ್‌ಸಿ’ ಎಂಬ ವ್ಯಾಲ್ಯೂ ಎರಡು ಸಲ ಕಾಣಿಸುತ್ತಿದೆ. ಎರಡನ್ನೂ ಎಷ್ಟು ಹೊತ್ತು ನೋಡಿದರೂ ಅಕ್ಷರಗಳಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣುತ್ತಿಲ್ಲ, ಜಾಗ ಬಿಟ್ಟಿರುವುದೂ ಇಲ್ಲ. ಇದಕ್ಕೆ ಏನು ಕಾರಣವಿರಬಹುದು?

ಮತ್ತೊಂದು ಸಂದೇಹ. ಎರಡು ಊರುಗಳಿಗೆ ನಾನು ಒಂದು ವರ್ಷ ಬಿಟ್ಟು ಎರಡನೆಯ ಸಲ ಹೋಗಿದ್ದೆ. ಮೊದಲ ಸಲ ಬತ್ತಿದ್ದ ಬೋರ್‌ವೆಲ್‌ನಲ್ಲಿ ಎರಡನೆಯ ಸಲ ನೀರಿತ್ತು. ಆ ಮನೆಯ ‘ಬೋರ್‌ವೆಲ್ ಸ್ಥಿತಿ’ ಎಂಬಲ್ಲಿ ಏನು ಬರೆಯಬೇಕು?

ಉತ್ತರ – ಗುಂಟೆ ಲೆಕ್ಕ

‘ಎಸ್‌ಎಸ್‌ಎಲ್‌ಸಿ’ಯ ಗುಟ್ಟು ಕಣ್ಣಿಗೆ ಕಾಣದ ಅಕ್ಷರದಲ್ಲಿದೆ. ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಒತ್ತು ಬಾರದಂತೆ ತಡೆಯಲು ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ಸೇರಿಸುತ್ತೇವೆ. ‘ಲ್’ ಆದ ಮೇಲೆ ‘ಸಿ’ ಬರುವಲ್ಲಿ ಅದು ಇಲ್ಲದಿದ್ದರೆ ಒತ್ತಕ್ಷರ ಮೂಡಿ ತಪ್ಪು ಕಾಣಿಸುತ್ತದೆ. ಆದರೆ ‘ಸ್’ ಆದ ಮೇಲೆ ‘ಎ’ ಬರುವಲ್ಲಿ ಆ ಚಿಹ್ನೆ ಇದ್ದರೂ ಇಲ್ಲದಿದ್ದರೂ ಬರಹ ಒಂದೇ ರೀತಿ ಕಾಣುತ್ತದೆ. ನೀವು ಮೊಬೈಲ್‌ನಲ್ಲಿ ಟೈಪ್ ಮಾಡಿದಾಗ ಒಂದು ರೀತಿ, ಲ್ಯಾಪ್‌ಟಾಪ್‌ನಲ್ಲಿ ಮಾಡಿದಾಗ ಇನ್ನೊಂದು ರೀತಿ ಆಗಿರಬಹುದು. ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ‘ಕೋಲಾರ’ದ ‘ಕೋ’ ಕೂಡ ಹೀಗೆಯೇ, ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಒತ್ವಕ್ಕೆ ದೀರ್ಘವನ್ನು ಬೇರೆಯಾಗಿ ಸೇರಿಸಿಯೂ ಇಡಬಹುದು. ಪರಿಹಾರವೇನೆಂದರೆ ವ್ಯಾಲ್ಯೂಗಳನ್ನು ಒಂದೊಂದೇ ಸಾಲಿನಲ್ಲಿ ಟೈಪ್ ಮಾಡುವುದನ್ನು ಬಿಡಿ. ಎಕ್ಸೆಲ್‌ನಲ್ಲಿ ಪ್ರತಿ ಕಾಲಂಗೂ ಆಯ್ಕೆಯ ಪಟ್ಟಿ ಮಾಡಿ, ಅದರಿಂದಲೇ ಆರಿಸಿ. ಪದ ಒಂದೇ ಸಲ ಟೈಪ್ ಆಗುತ್ತದೆ, ತಪ್ಪಿದ್ದರೂ ಎಲ್ಲ ಕಡೆ ಒಂದೇ ತಪ್ಪಿರುತ್ತದೆ.

ವ್ಯಕ್ತಿ ಕೇಸ್‌ಗಳಲ್ಲಿ ಹೆಚ್ಚಾದ ಮೂರಕ್ಕೂ ಇದೇ ಕಾರಣವಿರಬಹುದು. ಗುಂಪು ಚರ್ಚೆಯಲ್ಲಿ ಒಬ್ಬರ ಹೆಸರು ಎರಡು ರೀತಿ ಟೈಪ್ ಆಗಿದೆಯೇ ನೋಡಿ. ಕೇಸ್‌ಗಳಿಗೆ ಬದಲಿ ಹೆಸರು ಇಡುವ ಬದಲು ‘ಊ2-ಮ07-ವ1’ ಎಂದು ಊರು, ಮನೆ, ವ್ಯಕ್ತಿಯ ಸಂಖ್ಯೆ ಬರುವಂತೆ ಗುರುತು ಕೊಟ್ಟರೆ ಇನ್ನೂ ಒಳ್ಳೆಯದು. 7 ಎನ್ನದೆ 07 ಎನ್ನಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಹತ್ತನೆಯ ಮನೆ ಎರಡನೆಯ ಮನೆಗಿಂತ ಮೊದಲು ಬರುತ್ತದೆ.

ಉತ್ತರ – ಅಂಚಿನ ಟಿಪ್ಪಣಿ

ಬೋರ್‌ವೆಲ್ ಸ್ಥಿತಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ಜೊತೆಗೆ ಒಂದು ಭಿನ್ನಾಭಿಪ್ರಾಯವನ್ನೂ ಹೇಳಬೇಕಾಗಿದೆ.

ಆಟ್ರಿಬ್ಯೂಟ್ ಎಂಬುದು ಒಂದು ಕೇಸ್‌ಗೆ ಒಂದೇ ವ್ಯಾಲ್ಯೂವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲಕ್ಕೆ ತಕ್ಕಂತೆ ಬದಲಾಗುವ ಸಂಗತಿಯನ್ನು ಅದರಲ್ಲಿ ತುಂಬಲು ಹೋದರೆ ಎರಡನೆಯ ಭೇಟಿಯ ಸ್ಥಿತಿ ಮೊದಲನೆಯದನ್ನು ಅಳಿಸಿಹಾಕುತ್ತದೆ. ‘ಸ್ಥಿತಿ, ಮೊದಲ ಭೇಟಿ’, ‘ಸ್ಥಿತಿ, ಎರಡನೆಯ ಭೇಟಿ’ ಎಂದು ಎರಡು ಆಟ್ರಿಬ್ಯೂಟ್ ಮಾಡುವುದು ಸರಳವಾದ ದಾರಿ. ಯಾವ ಮಾತು ಯಾವ ಭೇಟಿಯದು ಎಂಬುದನ್ನು ಕಡತದ ವರ್ಗೀಕರಣದಲ್ಲಿ ‘ಭೇಟಿ’ ಎಂಬ ಆಟ್ರಿಬ್ಯೂಟ್ ಇಟ್ಟು ಗುರುತಿಸಬಹುದು. ಎರಡೇ ಊರುಗಳ ಮಾತಾದ್ದರಿಂದ ಇಷ್ಟು ಸಾಕು.

ಈಗ ಭಿನ್ನಾಭಿಪ್ರಾಯ. ಬತ್ತಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂತು ಎಂಬುದು ನಿಮ್ಮ ಪ್ರಬಂಧದ ಹೃದಯ. ಅದನ್ನು ಒಂದು ಚೌಕದಲ್ಲಿ ‘ಬತ್ತಿದೆ’ ಎಂದೂ ಮತ್ತೊಂದರಲ್ಲಿ ‘ನೀರಿದೆ’ ಎಂದೂ ಬರೆದು ಮುಗಿಸುವುದು ಬೇಡ. ಆ ಮನೆಯವರು ಅದನ್ನು ಕೆರೆಯ ನೀರಿನಿಂದ ಆದದ್ದು ಎನ್ನುತ್ತಾರೋ, ಆ ವರ್ಷದ ಮಳೆಯಿಂದ ಎನ್ನುತ್ತಾರೋ, ನೀರು ಬಂದರೂ ಅದನ್ನು ಕುಡಿಯಲು ಹಿಂಜರಿಯುತ್ತಾರೋ ಎಂಬುದು ಕೋಡ್‌ಗೆ ಸೇರಿದ್ದು. ಮೇಲೆ ‘ಗಂಡಸು’, ‘ಹೆಂಗಸು’ ಎಂಬವನ್ನು ಕೋಡ್‌ಗಳಿಂದ ತೆಗೆದದ್ದು ಸರಿಯೇ. ಆದರೆ ಆ ಉತ್ಸಾಹದಲ್ಲಿ ಜನರ ಅಭಿಪ್ರಾಯಗಳನ್ನೂ ಲಕ್ಷಣಗಳನ್ನಾಗಿ ಮಾಡಿಬಿಡುವವರನ್ನು ಕಂಡಿದ್ದೇನೆ. ‘ಯೋಜನೆಯ ಬಗ್ಗೆ ನಿಲುವು: ಪರ, ವಿರೋಧ’ ಎಂಬ ಆಟ್ರಿಬ್ಯೂಟ್ ದಯವಿಟ್ಟು ಮಾಡಬೇಡಿ. ನಿಮ್ಮ ರೈತರೊಬ್ಬರು ಒಂದೇ ಗಂಟೆಯಲ್ಲಿ ಟೊಮೆಟೊ ಬೆಳೆಗೆ ಆ ನೀರು ವರವೆಂದೂ ಹಸುವಿಗೆ ಕುಡಿಸಲು ಮನಸ್ಸಾಗದೆಂದೂ ಹೇಳಿರಬಹುದು. ಮಾತನಾಡುವ ಮೊದಲೇ ಗೊತ್ತಿರಬಹುದಾದದ್ದು ಆಟ್ರಿಬ್ಯೂಟ್, ಮಾತನಾಡಿದ ಮೇಲಷ್ಟೇ ತಿಳಿಯುವುದು ಕೋಡ್ ಎಂದು ನಾನು ಸ್ಥೂಲವಾಗಿ ಗೆರೆ ಎಳೆದುಕೊಂಡಿದ್ದೇನೆ. ಈ ಗೆರೆ ಎಲ್ಲ ಕಡೆಯೂ ನಿಲ್ಲುವುದಿಲ್ಲ, ಆದರೂ ನಿಮಗೆ ಸಾಕಾಗುತ್ತದೆ.

ಕ್ರಾಸ್‌ಟ್ಯಾಬ್‌ನ ಸಂಖ್ಯೆಗಳ ಬಗ್ಗೆಯೂ ಎಚ್ಚರಿಕೆ ಇರಲಿ. ಅದು ಮೊದಲು ತೋರಿಸುವುದು ಎಷ್ಟು ಸಲ ಕೋಡ್ ಆಗಿದೆ ಎಂಬುದನ್ನು. ಬಾಯಿ ಹರಿದು ಮಾತನಾಡುವ ಒಬ್ಬರೇ ಹತ್ತೊಂಬತ್ತು ಸಲ ‘ವಾಸನೆ’ ಎಂದಿದ್ದರೆ ಇಡೀ ಊರೇ ಮೂಗು ಮುಚ್ಚಿಕೊಂಡಂತೆ ಕಾಣುತ್ತದೆ. ಮೇಟ್ರಿಕ್ಸ್ ಕೋಡಿಂಗ್ ಕ್ವೆರಿ ಎಂಬ ಇನ್ನೊಂದು ಬಗೆಯ ಹೋಲಿಕೆ ಕೋಷ್ಟಕದಲ್ಲಿ ಎಷ್ಟು ಕೇಸ್‌ಗಳು ಎಂಬುದನ್ನೂ ನೋಡಬಹುದು, ಅದನ್ನೇ ನೋಡಿ. ನೀರು ಬಂದ ಮೂರು ಊರು, ಬಾರದ ಎರಡು ಊರು ಎಂಬ ಅಸಮ ಗುಂಪುಗಳನ್ನು ಹೋಲಿಸುತ್ತಿದ್ದೀರಿ ಎಂಬುದೂ ನೆನಪಿರಲಿ. ಆ ಕೋಷ್ಟಕವನ್ನು ಪ್ರಬಂಧದಲ್ಲಿ ಹಾಕುವುದಕ್ಕಿಂತ, ಚೌಕದ ಮೇಲೆ ಒತ್ತಿ ಒಳಗಿರುವ ಮಾತುಗಳನ್ನು ಓದುವುದಕ್ಕೆ ಬಳಸಿದರೆ ಅದರ ಬೆಲೆ ಹೆಚ್ಚು.

ಗೋಪ್ಯತೆಯ ಬಗ್ಗೆ ಒಂದು ಮಾತು. ಹೆಸರು ಬದಲಾಯಿಸಿದ ಮಾತ್ರಕ್ಕೆ ಗುರುತು ಅಡಗುವುದಿಲ್ಲ. ಊರು, ಜಾತಿ, ವಯಸ್ಸು, ಜಮೀನು ನಾಲ್ಕೂ ಒಂದೇ ಸಾಲಿನಲ್ಲಿದ್ದರೆ, ‘ಮೂರನೆಯ ಊರಿನ, 61 ವರ್ಷದ, ಹನ್ನೊಂದು ಎಕರೆಯ ವಿಧವೆ’ ಯಾರೆಂದು ಆ ಊರಿನ ಚಹಾ ಅಂಗಡಿಯಲ್ಲಿ ಕುಳಿತ ಯಾರಾದರೂ ಹೇಳುತ್ತಾರೆ. ವರ್ಗೀಕರಣದ ಹಾಳೆಯನ್ನು ಅನುಬಂಧವಾಗಿ ಅಚ್ಚು ಹಾಕಿಸಬೇಡಿ. ಜಾತಿಯನ್ನು ಬರೆದುಕೊಳ್ಳುವುದಾದರೆ ಅವರು ಹೇಳಿದ ಹೆಸರೋ ಪ್ರವರ್ಗ 1, 2ಎ, 3ಎ ಎಂಬ ಸರ್ಕಾರಿ ಗುಂಪೋ ಎಂಬುದನ್ನು ಮೊದಲೇ ತೀರ್ಮಾನಿಸಿ, ಎರಡನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ.

ಎನ್‌ವಿವೋದ ಪರವಾನಗಿ ಮುಗಿಯುವ ಚಿಂತೆ ಇರುವವರಿಗೆ ಹೇಳುವುದಾದರೆ, ಕ್ವಾಲ್‌ಕೋಡರ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿಯೂ ಕೇಸ್ ಮತ್ತು ಆಟ್ರಿಬ್ಯೂಟ್‌ಗಳಿವೆ. ಮ್ಯಾಕ್ಸ್‌ಕ್ಯೂಡಿಎಯಲ್ಲಿ ಇದೇ ಕೆಲಸಕ್ಕೆ ಡಾಕ್ಯುಮೆಂಟ್ ವೇರಿಯಬಲ್ ಎನ್ನುತ್ತಾರೆ. ಹೆಸರು ಬೇರೆಯಾದರೂ ‘ಇದು ಯಾರ ಲಕ್ಷಣ’ ಎಂಬ ಪ್ರಶ್ನೆಯನ್ನು ಅಲ್ಲಿಯೂ ಕೇಳಿಕೊಳ್ಳಲೇಬೇಕು.

ಪ್ರತಿಕ್ರಿಯೆ – ಕೆರೆಕೋಡಿ

ಎಲ್ಲರಿಗೂ ಕೃತಜ್ಞತೆಗಳು. ಹೆಚ್ಚಾಗಿದ್ದ ಮೂರು ಕೇಸ್‌ಗಳು ಸಿಕ್ಕಿವೆ. ಎರಡರಲ್ಲಿ ಹೆಸರಿನ ಕೊನೆಗೆ ವಿಸರ್ಗ ಅಂಟಿಕೊಂಡಿತ್ತು. ಮೂರನೆಯದು ‘ಸಂ’, ಅಂದರೆ ನಾನೇ. ಈಗ ಪಟ್ಟಿಯಲ್ಲಿ ಸರಿಯಾಗಿ 52 ವ್ಯಕ್ತಿಗಳು, 26 ಮನೆಗಳಿವೆ. ‘ನಿಲುವು’ ಎಂಬ ಆಟ್ರಿಬ್ಯೂಟ್ ನಿಜಕ್ಕೂ ನನ್ನ ಹಾಳೆಯಲ್ಲಿತ್ತು, ಅಳಿಸಿದ್ದೇನೆ.

ಜಮೀನಿನ ಲೆಕ್ಕ ಸರಿಪಡಿಸಿದ ಮೇಲೆ ನಾಲ್ಕು ಮನೆಗಳು ಅತಿ ಸಣ್ಣ ಗುಂಪಿನಿಂದ ಸಣ್ಣ ಗುಂಪಿಗೆ ಹೋದವು. ನಿನ್ನೆ ರಾತ್ರಿ ‘ಮತ್ತೆ ಕೊರೆಸುವ ಯೋಚನೆ’ ಎಂಬ ಕೋಡನ್ನು ಹಿಡುವಳಿಯ ಗುಂಪಿನೊಂದಿಗೆ ಇಟ್ಟು ನೋಡಿದೆ. ಸಣ್ಣ ಹಿಡುವಳಿಯ ಒಂಬತ್ತು ಮನೆಗಳಲ್ಲಿ ಆ ಮಾತು ಬಂದಿದೆ. ಚೌಕವನ್ನು ಒತ್ತಿ ಓದಿದಾಗ ಅವುಗಳಲ್ಲಿ ಆರು ಕಡೆ ಅದನ್ನು ಹೇಳಿರುವುದು ಗಂಡನಲ್ಲ, ಹೆಂಡತಿ. ಅದೂ ‘ಇನ್ನು ಕೊರೆಸೋದು ಬೇಡ’ ಎಂದು. ಮನೆಯ ವರ್ಗವನ್ನು ಮಾತ್ರ ಮಾಡಿಕೊಂಡಿದ್ದರೆ ಇದು ಕಾಣಿಸುತ್ತಿರಲಿಲ್ಲ. ಆ ಕೋಡನ್ನು ಎರಡಾಗಿ ಒಡೆಯಲು ಇಂದು ಕುಳಿತಿದ್ದೇನೆ.